ಗೆರೆಯಣ್ಣನ ಬೆರಳು

ಹುಲ್ಲಿನ ವಿಷಯಕ್ಕೆ ಜನ ಇಷ್ಟೊಂದು ಜಗಳ ಆಡುತ್ತಾರೆ ಅಂತ ಪುರಸಭೆಯ ಫೋನಿನ ಮುಂದೆ ಕೂರುವವರೆಗೆ ನನಗೆ ಗೊತ್ತಿರಲಿಲ್ಲ. ಕಸಕ್ಕೆ, ನೀರಿಗೆ, ಬೀದಿದೀಪಕ್ಕೆ ಬೇರೆ ಬೇರೆ ಮೇಜುಗಳಿವೆ. ನನ್ನ ಪಾಲಿಗೆ ಬಂದದ್ದು ಹುಲ್ಲು. ಬೆಳಿಗ್ಗೆ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಳ್ಳಲು ಶುರುಮಾಡುತ್ತದೆ. ರಸ್ತೆ ಬದಿಯ ಹುಲ್ಲು ಮೊಣಕಾಲಿಗೆ ಬಂದಿದೆ, ಹಾವು ಸೇರಿಕೊಂಡರೆ ನೀವು ಬಂದು ಹಿಡಿಯುತ್ತೀರಾ ಅಂತ ಒಬ್ಬರು. ನಿನ್ನೆ ನಿಮ್ಮವರು ಬಂದು ಹೂವಿನ ಸಮೇತ ಬೋಳಿಸಿ ಹೋದರು, ನಿಮಗೆ ಕರುಳು ಅನ್ನುವುದು ಇದೆಯಾ ಅಂತ ಇನ್ನೊಬ್ಬರು. ಯಂತ್ರದ ಸದ್ದಿಗೆ ಮಗು ಎದ್ದುಬಿಟ್ಟಿತು ಅಂತ ಒಬ್ಬ ತಾಯಿ. ಕತ್ತರಿಸಿದ ಹುಲ್ಲು ಹಾರಿ ಬಂದು ಒಣಗಲು ಹಾಕಿದ ಬಟ್ಟೆಗೆಲ್ಲ ಅಂಟಿತು ಅಂತ ಅದೇ ಬೀದಿಯ ಅಜ್ಜಿ. ಎಲ್ಲರಿಗೂ ನಾನು ಮೆತ್ತಗೆ, ಸಂಬಂಧಪಟ್ಟವರ ಗಮನಕ್ಕೆ ತರುತ್ತೇವೆ ಅನ್ನಬೇಕು. ಮೆತ್ತಗೆ ಮಾತಾಡುವುದು ನನ್ನ ರಕ್ತದಲ್ಲೇ ಇಲ್ಲ, ಆದರೂ ಅನ್ನುತ್ತೇನೆ. ಸಂಜೆ ಹೊತ್ತಿಗೆ ತಲೆ ಚಿಟ್ಟು ಹಿಡಿದಿರುತ್ತದೆ.

ಇದರಲ್ಲಿ ತಮಾಷೆ ಏನೆಂದರೆ, ಆ ಸಂಬಂಧಪಟ್ಟವರು ನಿಜವಾಗಿಯೂ ನನ್ನ ಸಂಬಂಧಿಕರೇ. ಹುಲ್ಲು ಕತ್ತರಿಸುವ ತಂಡದಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರ ನನ್ನ ಭಾವ, ಅಕ್ಕನ ಗಂಡ. ಊರಿನವರು ಬೈಯುವುದು ಅವರನ್ನು, ಬೈಸಿಕೊಳ್ಳುವುದು ನಾನು. ಸಂಜೆ ಟೀ ಕುಡಿಯುವಾಗ ಆ ದಿನದ ಬೈಗುಳವನ್ನೆಲ್ಲ ನಾನು ಅವರ ಮುಂದೆ ಬಡಿಸುತ್ತಿದ್ದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡು, "ಹುಲ್ಲಿಗೆ ಮಾತ್ರ ಯಾರೂ ಬೈಯಲ್ಲ ನೋಡು," ಅನ್ನುತ್ತಿದ್ದರು. ಅಷ್ಟೇ ಅವರ ಪ್ರತಿಕ್ರಿಯೆ. ಸಿಟ್ಟು ಅನ್ನುವುದನ್ನು ದೇವರು ನಮ್ಮ ಮನೆಗೆ ಹಂಚುವಾಗ ಭಾವನ ಪಾಲನ್ನೂ ಸೇರಿಸಿ ನನಗೇ ಕೊಟ್ಟುಬಿಟ್ಟಿದ್ದಾನೆ.

ನಾನು ಗಂಡನ ಮನೆ ಬಿಟ್ಟು ಬಂದ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೇನೆ. ಆ ಕತೆ ಇಲ್ಲಿ ಬೇಡ. ಬಂದ ದಿನ ಭಾವ ಏನೂ ಕೇಳಲಿಲ್ಲ. ಆ ಕೋಣೆಯಲ್ಲಿ ತುಂಬಿದ್ದ ಹಳೇ ಸೈಕಲ್ಲು, ಡಬ್ಬ, ಮುರಿದ ಮೇಜು ಎಲ್ಲ ಹೊರಗೆ ಹಾಕಿ, ಕಿಟಕಿಗೆ ಹೊಸ ಚಿಲಕ ಹೊಡೆದುಕೊಟ್ಟರು. ಇಷ್ಟು ವರ್ಷದಲ್ಲಿ ನನಗೆ ಹೊರೆ ಅನ್ನಿಸುವಂಥ ಒಂದು ಮಾತು ಅವರ ಬಾಯಿಂದ ಬಂದಿಲ್ಲ. ಅದಕ್ಕೇ ಅವರ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಂಕಟ ಜಾಸ್ತಿ.

ತಂಡದವರು ಅವರನ್ನು ಗೆರೆಯಣ್ಣ ಅನ್ನುತ್ತಾರೆ. ದೊಡ್ಡ ಮೈದಾನದಲ್ಲಿ ಕೂತು ಓಡಿಸುವ ಯಂತ್ರದಲ್ಲಿ ಅವರು ಒಂದು ಸುತ್ತು ಹೋಗಿ ಬಂದರೆ ಹುಲ್ಲಿನ ಮೇಲೆ ಒಂದು ಪಟ್ಟೆ ತಿಳಿ, ಒಂದು ಪಟ್ಟೆ ಕಡು, ದಾರ ಹಿಡಿದು ಎಳೆದಂತೆ ಬೀಳುತ್ತದೆ. ಹಾಗೆ ಕತ್ತರಿಸಿ ಅಂತ ಯಾರೂ ಅವರಿಗೆ ಹೇಳಿಲ್ಲ. ಆ ಗೆರೆಗೆ ಯಾರೂ ಭೇಷ್ ಅನ್ನುವುದೂ ಇಲ್ಲ, ಮರುದಿನ ಮಕ್ಕಳು ಚೆಂಡು ಹಿಡಿದು ಬಂದು ತುಳಿದು ಹಾಕುತ್ತವೆ. ಯಂತ್ರ ಹತ್ತುವ ಮುಂಚೆ ಮೈದಾನವನ್ನು ಒಂದು ಸಲ ಕಾಲಲ್ಲಿ ನಡೆದು ನೋಡುವುದು ಅವರ ಪದ್ಧತಿ. ಕಲ್ಲು, ಬಾಟಲಿ, ಯಾರೋ ಮರೆತ ಚಪ್ಪಲಿ, ನಾಯಿ ಮಾಡಿಟ್ಟು ಹೋದದ್ದು, ಎಲ್ಲ ಹೆಕ್ಕಿ ಬದಿಗೆ ಹಾಕಬೇಕು. ಇಲ್ಲದಿದ್ದರೆ ಅಲಗಿಗೆ ಸಿಕ್ಕ ಕಲ್ಲು ಗುಂಡಿನ ಹಾಗೆ ಹಾರಿ ಯಾರದೋ ಕಿಟಕಿಗೆ ಹೋಗುತ್ತದೆ, ಆಮೇಲೆ ಫೋನು ನನಗೆ ಬರುತ್ತದೆ.

ಇದು ಮುಗಿಯಿತು ಅನ್ನುವ ಮಾತೇ ಇಲ್ಲದ ಕೆಲಸ. ಮಳೆ ಬಿದ್ದು ಬಿಸಿಲು ಬಂದರೆ ಸಾಕು, ಹುಲ್ಲಿಗೆ ಹುಚ್ಚು ಹಿಡಿಯುತ್ತದೆ. ಮೈದಾನ, ಶಾಲೆಯ ಅಂಗಳ, ರಸ್ತೆ ನಡುವಿನ ವೃತ್ತ, ಆಸ್ಪತ್ರೆ ಮುಂದಿನ ಇಳಿಜಾರು, ಕಾಲುವೆ ದಂಡೆ, ಹೀಗೆ ಸುತ್ತಿ ಕೊನೆಯದನ್ನು ಮುಗಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಪಾದ ಮುಚ್ಚುವಷ್ಟು ಬೆಳೆದಿರುತ್ತದೆ. ಒದ್ದೆ ನೆಲಕ್ಕೆ ಯಂತ್ರ ಇಳಿಸಿದರೆ ಚಕ್ರ ಹೂತು ಕೆಸರು ಬಗೆಯುತ್ತದೆ, ಇಳಿಸದಿದ್ದರೆ ಹುಲ್ಲು ಮಿತಿಮೀರುತ್ತದೆ. ಎರಡಕ್ಕೂ ಬೈಗುಳ ಗ್ಯಾರಂಟಿ. ಮೊದಲೆಲ್ಲ ತಂಡದಲ್ಲಿ ಜನ ಇದ್ದರು. ಒಬ್ಬೊಬ್ಬರೇ ನಿವೃತ್ತರಾಗುತ್ತ ಹೋದರು, ಅವರ ಜಾಗಕ್ಕೆ ಪುರಸಭೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಾಗಾಗಿ ಭಾವ ದೊಡ್ಡ ಯಂತ್ರದಿಂದ ಇಳಿದು ಕೈಯಂತ್ರವನ್ನೂ ಹೊರಬೇಕಾಯಿತು. ಅದು ಹೆಗಲಿಗೆ ನೇತುಹಾಕಿಕೊಳ್ಳುವ ಉದ್ದ ಕೋಲು, ತುದಿಯಲ್ಲಿ ಪ್ಲಾಸ್ಟಿಕ್ ದಾರ ಗಿರ್ರನೆ ತಿರುಗಿ ಹುಲ್ಲು ಸವರುತ್ತದೆ. ಬೆಂಚಿನ ಕಾಲು, ಬೇಲಿಯ ಬುಡ, ಮರದ ಬುಡ, ದೊಡ್ಡ ಯಂತ್ರ ಹೋಗಲಾರದ ಕಡೆಗೆಲ್ಲ ಅದೇ ಗತಿ. ದಿನವಿಡೀ ಆ ಕೋಲು ಕೈಯಲ್ಲಿ ನಡುಗುತ್ತಲೇ ಇರುತ್ತದೆ. ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೂ ಮೈಯೊಳಗೆ ಅದು ಓಡುತ್ತಿದೆ ಅನ್ನಿಸುತ್ತೆ ಅಂತ ಭಾವ ಒಮ್ಮೆ ಹೇಳಿದ್ದರು.

ನನಗೆ ಅನುಮಾನ ಬಂದದ್ದು ಬಟ್ಟೆಯಿಂದ. ಇಡೀ ಜೀವಮಾನ ಅಂಗಿ ಹಾಕಿದ ಮನುಷ್ಯ ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ತಲೆಯಿಂದ ಎಳೆದು ಹಾಕುವ ಬನಿಯನ್ನಿನಂಥ ಬಟ್ಟೆಗೆ ಬದಲಾದರು. ಅಕ್ಕ ಒಂದು ಕಟ್ಟು ತಂದಿಟ್ಟಿದ್ದಳು, ಎಲ್ಲ ಒಂದೇ ಬೂದು ಬಣ್ಣ. ಭಾವ ಈ ವಯಸ್ಸಿನಲ್ಲಿ ಹೀರೋ ಆಗಲು ಹೊರಟಿದ್ದಾರಾ ಅಂತ ನಾನು ಕಿಚಾಯಿಸಿದೆ. ಅಕ್ಕ ನಗಲಿಲ್ಲ. ಅವಳ ಮುಖ ನೋಡಿದರೆ ನಾನೇನೋ ಮುಟ್ಟಬಾರದ್ದನ್ನು ಮುಟ್ಟಿದ ಹಾಗಿತ್ತು. ಆಮೇಲೆ ನನ್ನ ಕಣ್ಣು ತೆರೆಯಿತು. ಲೋಟ ಹಿಡಿಯುವಾಗ ಭಾವ ಎರಡೂ ಅಂಗೈ ಸೇರಿಸಿ ಹಿಡಿಯುತ್ತಿದ್ದರು. ಬೀಗದಕೈ ಕೆಳಗೆ ಬಿದ್ದರೆ ಹೆಕ್ಕದೆ ಕಾಲಲ್ಲಿ ಗೋಡೆವರೆಗೆ ತಳ್ಳಿ, ಅಲ್ಲಿ ಗೋಡೆಗೆ ಒತ್ತಿ ಎತ್ತುತ್ತಿದ್ದರು. ಬೆಳಿಗ್ಗೆ ಅವರ ಬೆರಳುಗಳು ಮೇಣದಷ್ಟು ಬೆಳ್ಳಗಿರುತ್ತಿದ್ದವು.

ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು. ಕೊನೆಗೆ, ಹೋದ ವರ್ಷದಿಂದ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದದ್ದು ತಾನೇ ಅಂದಳು. ಮೊದಲು ಜುಮುಜುಮು ಅನ್ನುತ್ತಿತ್ತಂತೆ, ಆಮೇಲೆ ನೋವು, ಈಗ ನೋವೂ ಇಲ್ಲ. ನೋವು ಹೋಯಿತು ಅಂತ ಭಾವ ಖುಷಿಪಟ್ಟಿದ್ದರಂತೆ. ಆ ಮಾತು ಹೇಳಿ ಅಕ್ಕ ಪಾತ್ರೆಯನ್ನು ಕುಕ್ಕಿದ ಸದ್ದಿಗೆ ನಾನೇ ಬೆಚ್ಚಿದೆ.

ಇದು ಯಂತ್ರ ಹಿಡಿಯುವವರಿಗೆಲ್ಲ ಬರಬಹುದಾದ ಕಾಯಿಲೆ. ನಡುಗಿ ನಡುಗಿ ಬೆರಳಿನ ನರ ಸಾಯುತ್ತವೆ, ಸತ್ತದ್ದು ಮತ್ತೆ ಬದುಕುವುದಿಲ್ಲ. ಅದಕ್ಕಾಗಿಯೇ ಪುರಸಭೆಯವರು ವರ್ಷಕ್ಕೊಮ್ಮೆ ಕರೆದು, ಕೈ ಜುಮುಜುಮು ಅನ್ನುತ್ತಾ, ಬೆಳ್ಳಗಾಗುತ್ತಾ ಅಂತ ಕೇಳುತ್ತಾರೆ. ಹೌದು ಅಂದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಡಾಕ್ಟರು ಕೈ ಕೆಟ್ಟಿದೆ ಅಂದರೆ ಅಂದಿನಿಂದ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ. ಭಾವ ಪ್ರತಿ ವರ್ಷ ಇಲ್ಲ ಅಂದು ಬಂದಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಕೈಯಲ್ಲಿ ಉಳಿದದ್ದಾದರೂ ಉಳಿಯಲಿ ಅನ್ನುವುದು. ಭಾವನಿಗೆ ಬೇಕಾಗಿದ್ದದ್ದು ಯಂತ್ರ. ಮನೆಯೊಳಗೆ ಇವರಿಬ್ಬರ ನಡುವೆ ಒಂದು ವರ್ಷದಿಂದ ಸದ್ದಿಲ್ಲದೆ ಇದೇ ಜಗಳ ನಡೆದಿತ್ತು, ಹಿಂದಿನ ಕೋಣೆಯ ನನಗೆ ಗಾಳಿಯೂ ಬಡಿದಿರಲಿಲ್ಲ.

ನಾನು ಸುಮ್ಮನಿರುವ ಪೈಕಿಯಾ? ಮರುದಿನವೇ ಭಾವನ ಮುಂದೆ ಹೋಗಿ ಕೂತೆ. ಏನು ಅಂದುಕೊಂಡಿದ್ದೀರಿ, ಕೈ ಉದುರಿ ಬೀಳುವವರೆಗೆ ಕಾಯುತ್ತೀರಾ ಅಂತ ಬಾಯಿಗೆ ಬಂದದ್ದೆಲ್ಲ ಆಡಿದೆ. ಅವರು ಕಿಟಕಿ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ, ಸುಸ್ತಾಗಿರುವುದು ಹೌದು, ಬೆಳಿಗ್ಗೆ ಎದ್ದರೆ ಇನ್ನೊಂದು ದಿನ ಹೇಗಪ್ಪಾ ಅನ್ನಿಸುವುದೂ ಹೌದು ಅಂದರು. ಆದರೆ ಯಂತ್ರ ಬಿಟ್ಟವರಿಗೆ ಪುರಸಭೆ ಕೊಡುವ ಕೆಲಸ ಏನು ಅಂತ ನನಗೂ ಗೊತ್ತಿತ್ತು: ಇಕ್ಕಳದ ಕೋಲು ಹಿಡಿದು ಮೈದಾನದಲ್ಲಿ ಕಾಗದ ಹೆಕ್ಕುವುದು. ಅದೂ ಅವರದೇ ಮೈದಾನದಲ್ಲಿ, ಇನ್ನೊಬ್ಬ ವಕ್ರವಕ್ರವಾಗಿ ಗೆರೆ ಎಳೆಯುವುದನ್ನು ನೋಡುತ್ತ. "ಆ ಒಂದು ಸುತ್ತು ಹೊಡೆದು ತಿರುಗಿ ನೋಡ್ತೀನಲ್ಲ, ಅಷ್ಟೇ ಕಣೇ ನನ್ನದು ಅಂತ ಇರೋದು," ಅಂದರು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ನರ್ಸಮ್ಮನ ಫೋನು ಬಂತು. ಆಕೆ ನಿವೃತ್ತ ನರ್ಸು, ದಿನಾ ಬೆಳಿಗ್ಗೆ ದೊಡ್ಡ ಮೈದಾನದ ಸುತ್ತ ನಡೆಯುವವರು. ಅವರು ಫೋನು ಮಾಡಿದರೆ ಬೇಗ ಬಿಡುವುದಿಲ್ಲ, ಆದರೆ ಸುಮ್ಮಸುಮ್ಮನೆ ಕಾಲು ಕೆರೆಯುವವರಲ್ಲ. ನಡೆಯುವ ದಾರಿಯ ಬದಿಗೆ ಆಸುಪಾಸಿನ ಮನೆಯವರೆಲ್ಲ ಸೇರಿ ನೆರಳಿಗೆ ಅಂತ ಗಿಡ ನೆಟ್ಟಿದ್ದರು. ಈಗ ಅವು ಆಳೆತ್ತರ ಬಂದಿದ್ದವು. ಅವುಗಳಲ್ಲಿ ಒಂದು ಒಣಗುತ್ತಿದೆ ಅಂದರು ನರ್ಸಮ್ಮ. ಪುರಸಭೆಯವರು ನೀರು ಹಾಕಿಸಿದರು. ಸ್ವಲ್ಪ ದಿನಕ್ಕೆ ಅದರ ಪಕ್ಕದ್ದು ಎಲೆ ಉದುರಿಸಿತು. ಆಮೇಲೆ ಆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬೋಳಾಗತೊಡಗಿತು. ಹುಳವಿರಬೇಕು ಅಂತ ಒಬ್ಬರು, ಮಣ್ಣಿನ ದೋಷ ಅಂತ ಒಬ್ಬರು, ಯಾರೋ ಆಗದವರು ಆಸಿಡ್ ಹಾಕಿದ್ದಾರೆ ಅಂತ ಇನ್ನೊಬ್ಬರು ನನ್ನ ಕಿವಿಯಲ್ಲಿ ಊದಿದರು.

ಕೊನೆಗೆ ನರ್ಸಮ್ಮನೇ ಒಂದು ದಿನ ಬಗ್ಗಿ ಬುಡದ ಹುಲ್ಲು ಸರಿಸಿ ನೋಡಿದ್ದಾರೆ. ಪಾದದ ಗಂಟಿನ ಎತ್ತರಕ್ಕೆ, ಕಾಂಡದ ಸುತ್ತ, ಬಳೆ ತೊಡಿಸಿದಷ್ಟು ಅಗಲಕ್ಕೆ ತೊಗಟೆಯೇ ಇಲ್ಲ. ಒಣಗಿದ ಗಿಡಗಳಿಗೆಲ್ಲ ಹಾಗೆಯೇ. ಅವರು ಹೇಳಿದ್ದನ್ನು ನಾನು ಇದ್ದದ್ದು ಇದ್ದ ಹಾಗೆ ಮೇಸ್ತ್ರಿಗೆ ತಿಳಿಸಿದೆ. ಮೇಸ್ತ್ರಿ ಅಂದರೆ ತಂಡದ ಮೇಲ್ವಿಚಾರಕ, ಭಾವನ ಜೊತೆಗೇ ಕೆಲಸಕ್ಕೆ ಸೇರಿದವರು. ಅವರು ಹೋಗಿ ನೋಡಿದವರೇ ತಲೆ ಮೇಲೆ ಕೈ ಇಟ್ಟರಂತೆ. ಹುಳವೂ ಇಲ್ಲ, ಆಸಿಡ್ಡೂ ಇಲ್ಲ, ಕೈಯಂತ್ರದ ದಾರ. ಬುಡದ ಹುಲ್ಲು ಸವರುವಾಗ ದಾರ ಎಳೇ ಕಾಂಡಕ್ಕೆ ತಗುಲಿದರೆ ತೊಗಟೆ ಸಿಪ್ಪೆಯಂತೆ ಎದ್ದುಬರುತ್ತದೆ. ಸುತ್ತ ಎದ್ದರೆ ಗಿಡ ಸತ್ತ ಹಾಗೆಯೇ, ಎಲೆಗೆ ಮಾತ್ರ ಸುದ್ದಿ ತಡವಾಗಿ ಮುಟ್ಟುತ್ತದೆ.

ಆ ಮೈದಾನದಲ್ಲಿ ಕೈಯಂತ್ರ ಹಿಡಿಯುವವರು ಇಬ್ಬರೇ. ಒಬ್ಬರು ಭಾವ. ಇನ್ನೊಬ್ಬ, ಬಟ್ಟೆ ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದ ನಡುವಯಸ್ಸಿನವನು. ದೊಡ್ಡ ಮೀಸೆ ಇರುವುದರಿಂದ ಎಲ್ಲರಿಗೂ ಮೀಸೆ ಅಂತಲೇ ಪರಿಚಯ. ಅವನ ಕೆಲಸ ಖಾಯಂ ಆಗಿರಲಿಲ್ಲ, ಪುರಸಭೆಯವರು ವರ್ಷವರ್ಷ ಮುಂದುವರಿಸುತ್ತ ಬಂದಿದ್ದರು, ಈ ವರ್ಷದ ಅವಧಿ ಮುಗಿಯುವುದರಲ್ಲಿತ್ತು. ಯಾರ ತಪ್ಪು ಅಂತ ಯಾರೂ ಕೇಳಲೇ ಇಲ್ಲ. ಗೆರೆಯಣ್ಣ ಗಿಡಕ್ಕೆ ದಾರ ತಗುಲಿಸುತ್ತಾನೆ ಅಂದರೆ ಯಾರಾದರೂ ನಂಬುತ್ತಾರಾ? ಮೇಸ್ತ್ರಿ ಕರೆದು ಬೈದಾಗ ಮೀಸೆ ವಾದ ಮಾಡಲಿಲ್ಲವಂತೆ. ತನಗೆ ಎರಡು ಸಲ ತಗುಲಿದ ನೆನಪಿದೆ, ಉಳಿದದ್ದೂ ತನ್ನಿಂದಲೇ ಆಗಿರಬಹುದೇನೋ, ಮುಂದೆ ಹುಷಾರಾಗಿರುತ್ತೇನೆ, ಕೆಲಸ ಒಂದು ತೆಗೆಯಬೇಡಿ ಅಂತ ಕೈ ಮುಗಿದನಂತೆ.

ಆ ಸಂಜೆ ಟೀ ಹೊತ್ತಿಗೆ ನಾನು ಇದನ್ನೇ ಉಪ್ಪುಖಾರ ಹಚ್ಚಿ ಹೇಳಿದೆ. ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತಾನೋ ಆ ಮೀಸೆ, ಪಾಪ ಜನ ಎಷ್ಟು ಆಸೆಯಿಂದ ನೆಟ್ಟಿದ್ದರು, ಅಂತ. ಭಾವ ಲೋಟ ಕೆಳಗಿಟ್ಟು, ಯಾವ ಯಾವ ಗಿಡ ಅಂತ ಕೇಳಿದರು. ಗೇಟಿನ ಕಡೆಯವು ಅಂದೆ. ನಲ್ಲಿಯ ಹತ್ತಿರದ್ದೂ ಹೋಯಿತಾ ಅಂದರು. ಹೋಯಿತು ಅಂದೆ. ಅಕ್ಕ ಅವರನ್ನೇ ನೋಡುತ್ತಿದ್ದಳು. ಲೋಟದಲ್ಲಿ ಟೀ ಅರ್ಧಕ್ಕರ್ಧ ಉಳಿದಿತ್ತು, ಭಾವ ಎದ್ದು ಹೋಗಿ ಮಲಗಿದರು. ಇನ್ನೂ ಬೆಳಕು ಇತ್ತು.

ಮರುದಿನ ಮೇಸ್ತ್ರಿ ನನ್ನನ್ನು ಯಂತ್ರಗಳ ಶೆಡ್ಡಿಗೆ ಬರಹೇಳಿದರು. ನರ್ಸಮ್ಮ ಏನೇನು ಹೇಳಿದರು ಅನ್ನುವುದನ್ನು ಮೀಸೆಯ ಎದುರಿಗೇ ಒಮ್ಮೆ ಹೇಳಬೇಕಿತ್ತು, ಮೇಲಿನವರಿಗೆ ಹಾಗೆ ಬೇಕಂತೆ. ಶೆಡ್ಡಿನೊಳಗೆ ಪೆಟ್ರೋಲು ಮತ್ತು ಕೊಳೆತ ಹುಲ್ಲಿನ ವಾಸನೆ. ಗೋಡೆಗೆ ಸಾಲಾಗಿ ನೇತುಹಾಕಿದ ಕೈಯಂತ್ರಗಳು, ಮೂಲೆಯಲ್ಲಿ ಅಲಗು ಬಿಚ್ಚಿಟ್ಟ ದೊಡ್ಡ ಯಂತ್ರ. ಮೀಸೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಬಾಯಿ ತೆರೆಯುವ ಮುಂಚೆ ಭಾವ ಒಳಗೆ ಬಂದರು.

"ಮೀಸೆ ಅಲ್ಲ. ಅದು ನಾನು," ಅಂದರು.

ಮೇಸ್ತ್ರಿ ನಕ್ಕುಬಿಟ್ಟರು. ಇವನಿಗೆ ಮೀಸೆಯ ಬಗ್ಗೆ ಅಯ್ಯೋ ಪಾಪ ಅನ್ನಿಸಿದೆ, ತಪ್ಪು ತಲೆ ಮೇಲೆ ಹಾಕಿಕೊಳ್ಳಲು ಬಂದಿದ್ದಾನೆ ಅಂದುಕೊಂಡರು. ನೀನು ತಗುಲಿಸಿದ್ದನ್ನು ನೀನು ನೋಡಿದೆಯಾ ಅಂತ ಕೇಳಿದರು.

"ನೋಡೋಕೆ ಆಗಲ್ಲ, ಹುಲ್ಲೊಳಗೆ ಕಾಣಲ್ಲ. ಕೈಗೆ ಗೊತ್ತಾಗ್ಬೇಕು. ತೊಗಟೆಗೆ ತಗುಲಿದ್ರೆ ಕೋಲು ಒಂದು ಸಲ ಎಳೆದ ಹಾಗಾಗುತ್ತೆ, ನಿಂಗೂ ಗೊತ್ತು. ಮೀಸೆಗೆ ಎರಡು ಸಲ ತಗುಲ್ತು. ಎರಡು ಸಲಾನೂ ನಿಲ್ಲಿಸಿ ಬಂದು ನಂಗೆ ಹೇಳಿದ್ದಾನೆ. ಆ ಎರಡು ಗಿಡ ಇನ್ನೂ ಚೆನ್ನಾಗೇ ಇವೆ, ಹೋಗಿ ನೋಡು." ಭಾವ ಉಸಿರು ತೆಗೆದುಕೊಂಡರು. "ನಂಗೆ ಒಂದು ಸಲಾನೂ ಗೊತ್ತಾಗಿಲ್ಲ. ಇಷ್ಟು ಗಿಡ ಸತ್ತಿವೆ, ನಂಗೆ ಒಂದೂ ಗೊತ್ತಾಗಿಲ್ಲ. ಅಂದ್ಮೇಲೆ ನಾನೇ."

ಮೇಸ್ತ್ರಿ ಬಂದು ಭಾವನ ಕೈ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಬಾಗಿಲು ಮುಚ್ಚಿದರು. ನೋಡು, ಈ ಮಾತು ಇಲ್ಲಿಗೇ ಬಿಡೋಣ, ಮೀಸೆಗೆ ಹೇಗೂ ಅವಧಿ ಮುಗಿಯುತ್ತದೆ, ನಿನಗೆ ಇನ್ನು ಎಷ್ಟು ವರ್ಷ ಅಂತ ಏನೇನೋ ಹೇಳಿದರು. ಮೀಸೆ ಅಲ್ಲೇ ನಿಂತಿದ್ದ ಅನ್ನುವುದೂ ಅವರಿಗೆ ನೆನಪಿಲ್ಲದ ಹಾಗಿತ್ತು. ನಿಜ ಹೇಳಬೇಕೆಂದರೆ, ಮೇಸ್ತ್ರಿ ಹೇಳಿದ ಹಾಗೆಯೇ ಆಗಲಿ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಭಾವ ಕೈ ಬಿಡಿಸಿಕೊಂಡು, ಮೇಲಿನವರಿಗೆ ನೀನು ಹೇಳುತ್ತೀಯೋ ನಾನು ಹೇಳಲೋ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಎಲ್ಲರ ಮೇಲೂ. ಆ ಹಾಳು ಹುಲ್ಲಿನ ಮೇಲೂ.

ಮೇಲಿನವರು ಕೆಟ್ಟವರೇನಲ್ಲ, ಬೈಯಲಿಲ್ಲ. ಮೀಸೆಯನ್ನು ಉಳಿಸಿಕೊಂಡರು. ಭಾವನ ಕೈಯಂತ್ರ ಅಂದೇ ನಿಂತುಹೋಯಿತು. ಆದರೆ ಮೇಸ್ತ್ರಿ ಅವರ ಹತ್ತಿರ ಒಂದು ಮಾತು ಗಿಟ್ಟಿಸಿಕೊಂಡು ಬಂದಿದ್ದರು: ಬೆರಳುಗಳಲ್ಲಿ ಸ್ವಲ್ಪವಾದರೂ ಸ್ಪರ್ಶ ಉಳಿದಿದೆ, ಹಿಡಿಕೆ, ಬ್ರೇಕು ತಿಳಿಯುತ್ತದೆ ಅಂತ ಡಾಕ್ಟರು ಹೇಳಿದರೆ ಕೂತು ಓಡಿಸುವ ಯಂತ್ರ ಮಾತ್ರ ಇಟ್ಟುಕೊಳ್ಳಬಹುದು. ಅದರ ನಡುಕ ಕಡಿಮೆ, ಅದೂ ಅರ್ಧ ದಿನ. ಅಂದರೆ ಮೈದಾನ ಉಳಿಯುತ್ತದೆ, ಗೆರೆ ಉಳಿಯುತ್ತದೆ.

ಡಾಕ್ಟರ ದಿನ ಬರುವವರೆಗೆ ಭಾವ ಮನೆಯಲ್ಲಿದ್ದರು. ಮನೆಯಲ್ಲಿ ಇದ್ದು ಗೊತ್ತಿಲ್ಲದ ಮನುಷ್ಯ. ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಕೂರುತ್ತಿದ್ದರು, ಅಕ್ಕ ಬಂದು ತೆಗೆಯಿರಿ ಅನ್ನುವವರೆಗೆ. ನಾನು ಆಫೀಸಿಂದ ಬಂದರೆ ಯಾರ್ಯಾರು ಫೋನು ಮಾಡಿದರು ಅಂತ ಅವರೇ ಕೇಳುತ್ತಿದ್ದರು. ದೊಡ್ಡ ಮೈದಾನ ಗಡ್ಡ ಬಿಟ್ಟ ಹಾಗಾಗಿದೆ ಅಂತ ಬೈಯುತ್ತಿದ್ದಾರೆ ಅಂದರೆ ಅವರ ಮುಖದಲ್ಲಿ ಸ್ವಲ್ಪ ಜೀವ ಬರುತ್ತಿತ್ತು. ಅಕ್ಕ ಯಾರ ಮೇಲೂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿರುತ್ತಿತ್ತು. ಕೈಗೆ ಎಣ್ಣೆ ತಿಕ್ಕುವುದು, ಬಿಸಿನೀರಿನಲ್ಲಿ ಅದ್ದಿಸುವುದು, ಮತ್ತೆ ತಿಕ್ಕುವುದು. ಯಂತ್ರ ಬಿಡಿಸಬೇಕು ಅಂತ ವರ್ಷವಿಡೀ ಹಟ ಹಿಡಿದವಳು ಈಗ ಯಂತ್ರ ಉಳಿಯಲಿ ಅಂತ ತಿಕ್ಕುತ್ತಿದ್ದಾಳೆ ಅನ್ನುವುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಈ ಮನುಷ್ಯ ಬೂಟು ಹಾಕಿಕೊಂಡು ಕೂರುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

ಡಾಕ್ಟರ ಹತ್ತಿರ ಮೂವರೂ ಹೋದೆವು. ಚಿಕ್ಕ ಕೋಣೆ, ಒಂದು ಮೇಜು, ಗೋಡೆಗೆ ಒತ್ತಿಟ್ಟ ಎರಡು ಕುರ್ಚಿ. ಡಾಕ್ಟರಮ್ಮ ಬೆಳಗಿನಿಂದ ಜನರನ್ನು ನೋಡಿ ಸೋತಿದ್ದರೂ ಒಳ್ಳೆಯ ಮಾತಿನವರು. ಮೊದಲು ಅದು ಇದು ಕೇಳಿದರು. ಆಮೇಲೆ ಭಾವನ ಕೈಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡಿಸಿ, ಕಣ್ಣು ಮುಚ್ಚಿಕೊಳ್ಳಿ, ಬೆರಳಿಗೆ ಹತ್ತಿ ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಿ ಅಂದರು. ಇದರ ಮೇಲೆಯೇ ಯಂತ್ರ ನಿಂತಿದೆ ಅಂತ ನಮಗೆಲ್ಲ ಗೊತ್ತಿತ್ತು. ಭಾವ ನೆಟ್ಟಗೆ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿದರು.

ಡಾಕ್ಟರಮ್ಮ ಹತ್ತಿಯ ಎಳೆಯಿಂದ ಹೆಬ್ಬೆರಳು ಮುಟ್ಟಿದರು. ಭಾವ ಹೂಂ ಅಂದರು. ನನಗೆ ಜೀವ ಬಂದ ಹಾಗಾಯಿತು. ತೋರುಬೆರಳು, ಹೂಂ. ನಡುಬೆರಳು, ಹೂಂ. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಇನ್ನೊಂದು ಕೈಗೆ ಹೋಗುವಾಗ ಡಾಕ್ಟರಮ್ಮ ಹತ್ತಿ ಬದಲಿಸಲು ಸ್ವಲ್ಪ ನಿಂತರು. ಯಾರೂ ಏನೂ ಮುಟ್ಟಿರಲಿಲ್ಲ. ಭಾವ ಹೂಂ ಅಂದರು. ತುಸು ಬಿಟ್ಟು ಮತ್ತೆ ಹೂಂ ಅಂದರು, ಅದೇ ಲೆಕ್ಕದಲ್ಲಿ, ಅದೇ ದನಿಯಲ್ಲಿ.

ಡಾಕ್ಟರಮ್ಮ ತಲೆಯೆತ್ತಿ ನಮ್ಮ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಹತ್ತಿಯನ್ನು ತಟ್ಟೆಗೆ ಹಾಕಿ, ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಆ ಸದ್ದು ಭಾವನಿಗೆ ಕೇಳಿಸಿರಬೇಕು. ಅವರು ಹೂಂ ಅನ್ನುವುದನ್ನು ನಿಲ್ಲಿಸಿದರು. ಆದರೆ ಕಣ್ಣು ತೆರೆಯಲಿಲ್ಲ, ತೆರೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅಕ್ಕ ಎದ್ದಳು. ಮೇಜಿನ ಹತ್ತಿರ ಹೋಗಿ, ಚಾಚಿಟ್ಟಿದ್ದ ಭಾವನ ಬೆರಳುಗಳ ತುದಿಯ ಮೇಲೆ ತನ್ನ ಬೆರಳುಗಳನ್ನು ಮೆಲ್ಲಗೆ ಇಟ್ಟಳು. ಡಾಕ್ಟರಮ್ಮನ ಪೆನ್ನು ನಿಂತಿತು.

"ಈಗ?" ಅಂತ ಅವರು ಕೇಳಿದರು.

ಭಾವ ಸ್ವಲ್ಪ ಹೊತ್ತು ಯೋಚಿಸಿದರು. ಈ ಸಲ ಉತ್ತರ ಖಂಡಿತ ಸರಿ ಅನ್ನುವ ಧೈರ್ಯ ಅವರ ಮುಖದಲ್ಲಿತ್ತು.

"ಈಗ ಯಾರೂ ಮುಟ್ಟಿಲ್ಲ," ಅಂದರು.

ಅಕ್ಕ ಕೈ ತೆಗೆಯಲಿಲ್ಲ.